ಲಿಕ್ವಿಡ್ ಫೌಂಡೇಶನ್ ಹಚ್ಚೋಕೆ ಬ್ರಷ್ಷೋ, ಸ್ಪಂಜೋ, ಬೆರಳೇ ಸಾಕೋ? ಏಪ್ರಿಲ್ ಬಿಸಿಲಲ್ಲಿ ಮದುವೆ ಇದೆ, ಹೇಳಿ

ಬೆಣ್ಣೆನಗರಿ ಹುಡುಗಿ

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಕೊನೆಯ ವಾರ ನಮ್ಮ ಅಕ್ಕನ ಮದುವೆ, ದಾವಣಗೆರೆಯಲ್ಲೇ. ಅಕ್ಕನಿಗೆ ಪಾರ್ಲರ್‌ನವರು ಬರುತ್ತಾರೆ. ಅಮ್ಮನಿಗೆ, ಚಿಕ್ಕಮ್ಮನ ಮಗಳಿಗೆ, ನನಗೆ ನಾನೇ ಮೇಕಪ್ ಮಾಡುತ್ತೇನೆ ಅಂತ ಒಪ್ಪಿಕೊಂಡುಬಿಟ್ಟಿದ್ದೇನೆ. ಕಾಜಲ್, ಲಿಪ್‌ಸ್ಟಿಕ್ ಎಲ್ಲ ಕೈಗೆ ಕೂತಿದೆ. ಕೂರದೇ ಇರುವುದು ಮುಖದ ಬಣ್ಣ ಸಮ ಮಾಡಲು ಹಚ್ಚುವ ಫೌಂಡೇಶನ್ ಒಂದೇ.

ಮೊದಲು ಒಂದು ಚಪ್ಪಟೆ ಬ್ರಷ್ ಕೊಂಡೆ, ಗೋಡೆಗೆ ಬಣ್ಣ ಹೊಡೆಯುವ ಬ್ರಷ್ಷಿನ ಮರಿ ತರಹ ಇರುತ್ತಲ್ಲ, ಅದು. ಹಚ್ಚಿದರೆ ಕೆನ್ನೆ ಮೇಲೆ ಗೆರೆ ಗೆರೆ. ಆಮೇಲೆ ಮೊಟ್ಟೆ ಆಕಾರದ ಸ್ಪಂಜ್ ತಂದೆ. ಅದು ಅರ್ಧ ಫೌಂಡೇಶನ್ ತಾನೇ ಕುಡಿಯುತ್ತದೆ, ಉಳಿದರ್ಧ ಮುಖದ ಮೇಲೆ ತೇಪೆ ಹಾಕಿದ ಹಾಗೆ ಕೂರುತ್ತದೆ. ಬೆರಳಲ್ಲಿ ಹಚ್ಚಿದರೆ ಆ ಕ್ಷಣಕ್ಕೆ ಚೆನ್ನಾಗಿರುತ್ತದೆ, ಆದರೆ ಪಿ.ಜೆ. ಬಡಾವಣೆಯಿಂದ ಗಡಿಯಾರ ಕಂಬದ ತನಕ ಗಾಡಿಯಲ್ಲಿ ಹೋಗಿ ಬರುವಷ್ಟರಲ್ಲಿ ಮೂಗಿನ ಅಕ್ಕಪಕ್ಕ ಎಲ್ಲ ಬಿಟ್ಟುಕೊಂಡಿರುತ್ತದೆ.

ನನ್ನದು ಎಣ್ಣೆ ಚರ್ಮ, ಹಣೆ ಮತ್ತು ಮೂಗಲ್ಲಿ ಜಾಸ್ತಿ. ಅಮ್ಮನಿಗೆ 52 ವರ್ಷ, ಒಣ ಚರ್ಮ, ಕಣ್ಣಿನ ಕೆಳಗೆ ಗೆರೆ ಬಂದಿದೆ. ತಂಗಿಗೆ ಮೊಡವೆ. ಮೂರು ಮುಖಕ್ಕೂ ಒಂದೇ ಸಾಮಾನು ನಡೆಯುತ್ತಾ, ಬೇರೆ ಬೇರೆ ತಗೋಬೇಕಾ? ಸಾವಿರ ರೂಪಾಯಿ ಒಳಗೆ ಮುಗಿಸಬೇಕು. ಗೊತ್ತಿರುವವರು ದಯವಿಟ್ಟು ಹೇಳಿ, ಇನ್ನು ಐದೇ ವಾರ ಇದೆ.

ಎರಡು ಮಕ್ಕಳ ತಾಯಿ

ಬೆರಳೇ ಸಾಕಮ್ಮ. ನಾನು ಹದಿನೈದು ವರ್ಷದಿಂದ ಬೆರಳಲ್ಲೇ ಹಚ್ಚುತ್ತಿದ್ದೇನೆ. ಬೆರಳಿನ ಬಿಸಿಗೆ ಫೌಂಡೇಶನ್ ಸಡಿಲ ಆಗಿ ಚರ್ಮದ ಜೊತೆ ಸೇರಿಕೊಳ್ಳುತ್ತದೆ, ಬ್ರಷ್ಷಿಗೆ ಆ ಬಿಸಿ ಎಲ್ಲಿಂದ ಬರಬೇಕು? ಉಂಗುರದ ಬೆರಳು ಮತ್ತು ನಡುಬೆರಳು ಸೇರಿಸಿ ತಟ್ಟಿ. ತಿಕ್ಕಬೇಡಿ. ಸಾವಿರ ರೂಪಾಯಿ ಉಳಿಯಿತು, ಅಮ್ಮನಿಗೆ ಬ್ಲೌಸ್ ಹೊಲಿಗೆಗೆ ಆಗುತ್ತದೆ.

ಹರಿಹರದ ಹೊಳೆ

ಬೆರಳು ದಿನಾ ಆಫೀಸಿಗೆ ಹೋಗೋಕೆ ಸರಿ ಅಕ್ಕಾ. ಮದುವೆ ಮನೆಯಲ್ಲಿ ಬೆಳಗ್ಗೆ ಆರಕ್ಕೆ ಹಚ್ಚಿದ್ದು ಮಧ್ಯಾಹ್ನ ಊಟದ ತನಕ ಇರಬೇಕಲ್ವಾ. ಬೆರಳಲ್ಲಿ ಪದರ ತೆಳ್ಳಗೆ ಬರುತ್ತದೆ, ಕಲೆ ಅಷ್ಟಾಗಿ ಮುಚ್ಚುವುದಿಲ್ಲ. ನನ್ನ ಓಟು ಬ್ರಷ್ಷಿಗೆ. ಆದರೆ ಆ ಚಪ್ಪಟೆ ಬ್ರಷ್ ಅಲ್ಲ, ತಲೆ ಸಮವಾಗಿ ಕತ್ತರಿಸಿದ, ಕೂದಲು ದಟ್ಟವಾಗಿರುವ ಬಫಿಂಗ್ ಬ್ರಷ್.

ದುರ್ಗದ ಮೇಕಪ್ ಅಕ್ಕ

ಚಿತ್ರದುರ್ಗದಲ್ಲಿ ಮದುಮಕ್ಕಳಿಗೆ ಮೇಕಪ್ ಮಾಡುತ್ತೇನೆ, ಒಂಬತ್ತು ವರ್ಷ ಆಯಿತು. ಯಾವುದು ಕೊಳ್ಳಬೇಕು ಅಂತ ಹೇಳುವ ಮುಂಚೆ ನಾಲ್ಕು ಪ್ರಶ್ನೆ ಕೇಳುತ್ತೇನೆ ತಂಗಿ, ಬೇಜಾರು ಮಾಡಿಕೊಳ್ಳಬೇಡ.

ಸ್ಪಂಜ್ ಒದ್ದೆ ಮಾಡಿಕೊಂಡು ಬಳಸಿದೆಯಾ, ಒಣಗಿದ್ದೇ ಬಳಸಿದೆಯಾ? ಒಂದು ಸಲಕ್ಕೆ ಎಷ್ಟು ಪಂಪ್ ಹಾಕಿಕೊಳ್ಳುತ್ತೀಯ? ಫೌಂಡೇಶನ್ ನೀರಿನ ಹಾಗಿದೆಯಾ, ಗಟ್ಟಿ ಮಜ್ಜಿಗೆ ಹಾಗಿದೆಯಾ? ಅದಕ್ಕೆ ಮೊದಲು ಮುಖಕ್ಕೆ ಏನು ಹಚ್ಚಿದ್ದೆ, ಹಚ್ಚಿ ಎಷ್ಟು ಹೊತ್ತು ಬಿಟ್ಟೆ?

ಬೆಣ್ಣೆನಗರಿ ಹುಡುಗಿ

ಅಯ್ಯೋ ಅಕ್ಕಾ, ಬೇಜಾರು ಏನಿಲ್ಲ. ಒಣ ಸ್ಪಂಜೇ ಬಳಸಿದ್ದು, ಒದ್ದೆ ಮಾಡಬೇಕು ಅಂತ ಪ್ಯಾಕೆಟ್ ಮೇಲೆ ಇರಲಿಲ್ಲ. ಮೂರು ಪಂಪ್ ಹಾಕುತ್ತೇನೆ. ಮಜ್ಜಿಗೆಗಿಂತ ಸ್ವಲ್ಪ ಗಟ್ಟಿ ಇದೆ, ಮ್ಯಾಟ್, ಅಂದರೆ ಹೊಳಪಿಲ್ಲದ್ದು ಅಂತ ಬರೆದಿದೆ. ಮೊದಲು ಸನ್‌ಸ್ಕ್ರೀನ್ ಹಚ್ಚಿ, ತಕ್ಷಣ ಫೌಂಡೇಶನ್ ಹಚ್ಚುತ್ತೇನೆ.

ದುರ್ಗದ ಮೇಕಪ್ ಅಕ್ಕ

ನಾನು ಅಂದುಕೊಂಡ ಹಾಗೇ ಇದೆ. ನಿನ್ನ ಸ್ಪಂಜ್ ಕೆಟ್ಟದ್ದಲ್ಲ. ಒಣ ಸ್ಪಂಜ್ ಅಂದರೆ ಖಾಲಿ ಹೊಟ್ಟೆ ಇದ್ದ ಹಾಗೆ, ಏನು ಕೊಟ್ಟರೂ ಕುಡಿಯುತ್ತದೆ. ಅದಕ್ಕೇ ಮೊದಲು ನೀರು ಕುಡಿಸಬೇಕು. ನಲ್ಲಿ ಕೆಳಗೆ ಹಿಡಿದು ಐದಾರು ಸಲ ಹಿಂಡು, ಅದು ಉಬ್ಬಿ ಹೆಚ್ಚು ಕಡಿಮೆ ಎರಡರಷ್ಟು ದಪ್ಪ ಆಗುತ್ತದೆ. ಆಮೇಲೆ ಕೈಯಲ್ಲಿ ಪೂರ್ತಿ ಹಿಂಡಿ, ಒಣ ಟವೆಲ್‌ನಲ್ಲಿ ಸುತ್ತಿ ಇನ್ನೊಂದು ಸಲ ಹಿಂಡು. ಮುಟ್ಟಿದರೆ ತಣ್ಣಗಿರಬೇಕು, ಹಿಂಡಿದರೆ ಹನಿ ಬೀಳಬಾರದು. ಹನಿ ಬಿದ್ದರೆ ಫೌಂಡೇಶನ್ ತೆಳುವಾಗಿ ಹರಿದುಹೋಗುತ್ತದೆ, ಅದೂ ತೇಪೆಯೇ. ಒಳಗೆ ಆಗಲೇ ನೀರು ತುಂಬಿರುವುದರಿಂದ ಫೌಂಡೇಶನ್ ಹೆಚ್ಚಿನ ಪಾಲು ಮೇಲೇ ನಿಲ್ಲುತ್ತದೆ. ಒಂದಿಷ್ಟು ಕುಡಿದೇ ಕುಡಿಯುತ್ತದೆ, ಅದಕ್ಕೆ ಏನೂ ಮಾಡಲಾಗದು.

ಮೂರು ಪಂಪ್ ಒಂದು ಮುಖಕ್ಕೆ ಜಾಸ್ತಿ ಆಯಿತು. ಒಂದು ಪಂಪ್ ಮುಂಗೈ ಮೇಲೆ ಹಾಕಿಕೋ. ಅಲ್ಲಿಂದ ಕೆನ್ನೆಗೆ, ಹಣೆಗೆ, ಗಲ್ಲಕ್ಕೆ ಚುಕ್ಕೆ ಇಡು. ಮೂಗಿನ ಪಕ್ಕದಿಂದ ಶುರು ಮಾಡಿ ಕಿವಿ ಕಡೆ ಹೋಗು. ಕೆಂಪು, ಕಪ್ಪು ಜಾಸ್ತಿ ಇರುವುದು ಮುಖದ ನಡುವೆಯೇ, ಅಂಚಿಗೆ ಬರುವಷ್ಟರಲ್ಲಿ ಸ್ಪಂಜಿನಲ್ಲಿ ಉಳಿದದ್ದೇ ಸಾಕಾಗುತ್ತದೆ. ಸ್ಪಂಜನ್ನು ಎಳೆಯಬೇಡ. ರೊಟ್ಟಿ ತಟ್ಟುವ ಹಾಗೆ, ಆದರೆ ಹಗುರವಾಗಿ, ತಟ್ಟುತ್ತಾ ಹೋಗು.

ಚಪ್ಪಟೆ ಬ್ರಷ್ ಗೆರೆ ಬಿಡುವುದು ಅದರ ಗುಣ. ಅದು ಹರಡುವುದಕ್ಕೆ ಇರುವ ಸಾಮಾನು, ಬೆರೆಸುವುದಕ್ಕೆ ಅಲ್ಲ. ನಾನು ಈಗಲೂ ಬಳಸುತ್ತೇನೆ, ಆದರೆ ಅದರಲ್ಲಿ ಹಚ್ಚಿ ಬಿಡುವುದಿಲ್ಲ, ಮೇಲೆ ಸ್ಪಂಜ್ ತಟ್ಟಿಯೇ ಮುಗಿಸುತ್ತೇನೆ. ಬಿಸಾಡಬೇಡ ಅದನ್ನ.

ಸನ್‌ಸ್ಕ್ರೀನ್ ಹಚ್ಚಿದ ಮೇಲೆ ಹತ್ತು ನಿಮಿಷ ಬಿಡು. ಅದು ಕೂರುವ ಮುಂಚೆ ಮೇಲೆ ತಿಕ್ಕಿದರೆ ರಬ್ಬರ್ ಚೂರಿನ ಹಾಗೆ ಉಂಡೆ ಉಂಡೆಯಾಗಿ ಬರುತ್ತದೆ. ತುಂಬಾ ಹುಡುಗಿಯರು ಬ್ರಷ್ ಸರಿ ಇಲ್ಲ ಅಂತ ಬದಲಾಯಿಸುತ್ತಾ ಹೋಗುತ್ತಾರೆ, ತಪ್ಪು ಇರುವುದು ಕೆಳಗಿನ ಪದರದಲ್ಲಿ.

ಬಣ್ಣದ ಪೆಟ್ಟಿಗೆ

ನಾನು ಗಂಡಸು, ಇಲ್ಲಿ ಬರೆಯಬಹುದು ಅಂದುಕೊಂಡಿದ್ದೇನೆ. ಹೊಸದುರ್ಗ ತಾಲ್ಲೂಕಿನವನು, ಸಾಣೇಹಳ್ಳಿಯ ನಾಟಕೋತ್ಸವ ನೋಡುತ್ತಾ ಬೆಳೆದವನು, ಈಗ ಹವ್ಯಾಸಿ ತಂಡದಲ್ಲಿ ಪಾತ್ರ ಮಾಡುತ್ತೇನೆ, ಬೇರೆಯವರಿಗೆ ಬಣ್ಣವನ್ನೂ ಹಚ್ಚುತ್ತೇನೆ.

ಒದ್ದೆ ಸ್ಪಂಜ್ ಅನ್ನುವುದು ಹೊಸ ಫ್ಯಾಷನ್ ಅಂತ ಕೆಲವರಿಗೆ ಅನ್ನಿಸುತ್ತದೆ. ನಾಟಕದವರಿಗೆ ಅದು ಹಳೆಯದು. ಪ್ಯಾನ್‌ಕೇಕ್ ಬಿಲ್ಲೆ ಬರುತ್ತಿತ್ತಲ್ಲ, ಮ್ಯಾಕ್ಸ್ ಫ್ಯಾಕ್ಟರ್‌ನವರು 1930ರ ದಶಕದಲ್ಲಿ ಕಲರ್ ಸಿನಿಮಾಕ್ಕೆ ಅಂತ ಮಾಡಿದ್ದು, ಅದನ್ನು ಒಣ ಸ್ಪಂಜಲ್ಲಿ ಹಚ್ಚಲು ಬರುವುದೇ ಇಲ್ಲ. ನೀರಲ್ಲಿ ಅದ್ದಿ ಹಿಂಡಿದ ಸ್ಪಂಜನ್ನು ಬಿಲ್ಲೆ ಮೇಲೆ ಉಜ್ಜಿ ಮುಖಕ್ಕೆ ಒತ್ತಬೇಕು. ದಾವಣಗೆರೆ ಅಂದರೆ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಬಣ್ಣ ಹಚ್ಚುವ ಕೆಲಸ ಈ ಕಡೆಯವರಿಗೆ ಹೊಸದೇನಲ್ಲ.

ಮೊಟ್ಟೆ ಆಕಾರ ಮಾತ್ರ ಹೊಸದು. ಅಮೆರಿಕದ ಮೇಕಪ್ ಕಲಾವಿದೆ ರಿಯಾ ಆನ್ ಸಿಲ್ವಾ ಅದನ್ನು 2003ರಲ್ಲಿ ಬ್ಯೂಟಿಬ್ಲೆಂಡರ್ ಅನ್ನುವ ಹೆಸರಲ್ಲಿ ಮಾರಾಟಕ್ಕೆ ತಂದರು. ಅಲ್ಲಿಯ ಟಿವಿ ಶೂಟಿಂಗ್‌ಗೆ ಎಚ್‌ಡಿ ಕ್ಯಾಮೆರಾ ಬಂದಿತ್ತು, ತ್ರಿಕೋನದ ಸ್ಪಂಜಿನ ಮೂಲೆ ಬಿಡುವ ಗೆರೆ ಅದರಲ್ಲಿ ಕಾಣುತ್ತಿತ್ತು, ಅದಕ್ಕೆ ಅವರು ಕತ್ತರಿ ಹಿಡಿದು ಮೂಲೆಗಳನ್ನೇ ಕತ್ತರಿಸಿ ದುಂಡಗೆ ಮಾಡಿಕೊಳ್ಳುತ್ತಿದ್ದರು. ಈಗ ಎಲ್ಲ ಕಂಪನಿಯವರೂ ಅದೇ ಆಕಾರದಲ್ಲಿ ಮಾಡುತ್ತಾರೆ. ಮೂಲೆ ಇಲ್ಲದಿದ್ದರೆ ಗೆರೆ ಇಲ್ಲ. ಚೂಪು ತುದಿ ಮೂಗಿನ ಪಕ್ಕಕ್ಕೆ, ಕಣ್ಣಿನ ಕೆಳಗೆ. ಅಗಲದ ತಳ ಕೆನ್ನೆಗೆ, ಹಣೆಗೆ.

ಮದುವೆಗೆ ಮಾತ್ರ ನಾಟಕದ ಹಾಗೆ ದಪ್ಪ ಹಚ್ಚಬೇಡಿ. ರಂಗದ ಮೇಲೆ ನಲವತ್ತು ಅಡಿ ದೂರದಿಂದ ನೋಡುತ್ತಾರೆ. ಛತ್ರದಲ್ಲಿ ಅಜ್ಜಿ ಮುಖವನ್ನೇ ಹಿಡಿದು ದೃಷ್ಟಿ ತೆಗೆಯುತ್ತಾರೆ.

ಹದಡಿ ರಸ್ತೆ

ನಾನು ನರ್ಸಿಂಗ್ ಓದುತ್ತಿದ್ದೇನೆ. ಮೊಡವೆ ಇರುವ ತಂಗಿ ಅಂದಿರಲ್ಲ, ಅಲ್ಲಿ ನನಗೆ ಹೇಳಬೇಕಾದದ್ದಿದೆ.

ಮೂರು ಮುಖಕ್ಕೆ ಒಂದೇ ಸ್ಪಂಜ್ ಬೇಡವೇ ಬೇಡ. ಅಕ್ಕ ತಂಗಿ ಆದರೂ ಬೇಡ. 2019ರಲ್ಲಿ ಇಂಗ್ಲೆಂಡಿನ ಆಸ್ಟನ್ ವಿಶ್ವವಿದ್ಯಾಲಯದವರು ಜನ ಬಳಸುತ್ತಿದ್ದ 467 ಮೇಕಪ್ ವಸ್ತುಗಳನ್ನು ಲ್ಯಾಬಿನಲ್ಲಿ ನೋಡಿದರು. ಲಿಪ್‌ಸ್ಟಿಕ್, ಮಸ್ಕಾರಾ, ಐಲೈನರ್, ಎಲ್ಲಕ್ಕಿಂತ ಜಾಸ್ತಿ ಬ್ಯಾಕ್ಟೀರಿಯಾ ಸಿಕ್ಕಿದ್ದು ಸ್ಪಂಜಿನಲ್ಲಿ. ಅವುಗಳಲ್ಲಿ 93% ಸ್ಪಂಜುಗಳನ್ನು ಯಾವತ್ತೂ ತೊಳೆದೇ ಇರಲಿಲ್ಲ, 64% ಒಂದಲ್ಲ ಒಂದು ಸಲ ನೆಲಕ್ಕೆ ಬಿದ್ದಿದ್ದವು. ಕಾರಣ ಸುಲಭ. ಸ್ಪಂಜ್ ಒದ್ದೆ ಇರುತ್ತದೆ, ಒಳಗೆ ಕತ್ತಲೆ, ಚರ್ಮದ ಎಣ್ಣೆ ಮತ್ತು ಸತ್ತ ಚರ್ಮ ಸೇರಿರುತ್ತದೆ. ಬೆಳೆಯಲು ಇನ್ನೇನು ಬೇಕು?

ನನಗೇ ಆಗಿದೆ ಇದು. ಎರಡು ವರ್ಷದ ಹಿಂದೆ ಸಂಬಂಧಿಕರ ಮದುವೆಗೆ ಒಂದು ಪಾರ್ಲರ್‌ನಲ್ಲಿ ಮೇಕಪ್ ಮಾಡಿಸಿದೆ. ನನಗಿಂತ ಮುಂಚೆ ಕೂತಿದ್ದ ಇಬ್ಬರಿಗೆ ಬಳಸಿದ ಸ್ಪಂಜನ್ನೇ ನೀರಲ್ಲಿ ಒಮ್ಮೆ ಅದ್ದಿ ನನ್ನ ಮುಖಕ್ಕೂ ಒತ್ತಿದರು. ಸುಮ್ಮನಿದ್ದೆ, ಹೇಳೋಕೆ ಸಂಕೋಚ. ಮೂರನೇ ದಿನಕ್ಕೆ ಗಲ್ಲದ ತುಂಬಾ ಕೀವಿನ ಗುಳ್ಳೆ. ಚರ್ಮದ ಡಾಕ್ಟರ ಹತ್ತಿರ ಹೋದೆ, ವಾಸಿ ಆಗಲು ಒಂದು ತಿಂಗಳು ಹಿಡಿಯಿತು. ಕಲೆ ಈಗಲೂ ಇದೆ. ಅದಕ್ಕೇ ಹೇಳುವುದು, ನಿಮ್ಮ ಸ್ಪಂಜ್ ನೀವೇ ತೆಗೆದುಕೊಂಡು ಹೋಗಿ, ಸಂಕೋಚ ಬೇಡ.

ತಂಗಿಗೆ ದಟ್ಟ ಬ್ರಷ್ಷಲ್ಲಿ ಗುಂಡಗೆ ತಿಕ್ಕಬೇಡಿ. ಮೊಡವೆ ಮೇಲೆ ಆ ಕೂದಲು ಉಜ್ಜಿದರೆ ಕೆರಳುತ್ತದೆ, ಬಾಯಿ ಬಿಟ್ಟ ಮೊಡವೆ ಇದ್ದರೆ ಇನ್ನೂ ಕೆಟ್ಟದ್ದು. ಅವಳಿಗೆ ಹೊಸ ಸ್ಪಂಜ್, ಬರೀ ತಟ್ಟುವುದು. ತುಂಬಾ ಕೆಂಪಾಗಿರುವ ಮೊಡವೆ ಮೇಲೆ ಸಣ್ಣ ಬ್ರಷ್ ತುದಿಯಲ್ಲಿ ಕನ್ಸೀಲರ್, ಅಂದರೆ ಕಲೆ ಮುಚ್ಚುವ ಕ್ರೀಮ್, ಒಂದು ಚುಕ್ಕೆ ಸಾಕು.

ದುರ್ಗದ ಮೇಕಪ್ ಅಕ್ಕ

ಹದಡಿ ರಸ್ತೆಯವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಪ್ರತಿ ಮದುಮಗಳಿಗೂ ಹೊಸ ಸ್ಪಂಜ್ ತೆರೆಯುತ್ತೇನೆ, ಕೆಲಸ ಮುಗಿದ ಮೇಲೆ ಅವರಿಗೇ ಕೊಟ್ಟು ಬರುತ್ತೇನೆ. ನಮ್ಮ ಕೆಲಸದವರು ಎಲ್ಲರೂ ಹಾಗೆ ಮಾಡಬೇಕು ಅಂತ ನನ್ನ ಆಸೆ. ಬಾಟಲಿಯಿಂದ ನೇರವಾಗಿ ಮುಖಕ್ಕೂ ಹಾಕಬೇಡ ತಂಗಿ, ಸ್ಟೀಲ್ ತಟ್ಟೆಗೆ ಹಾಕಿಕೊಂಡು ಅಲ್ಲಿಂದ ತಗೋ. ಮನೆಯಲ್ಲಿ ಇರುವ ಸಣ್ಣ ತಟ್ಟೆ ಸಾಕು, ಚೆನ್ನಾಗಿ ತೊಳೆದು ಒರೆಸಿದ್ದು.

ಹರಿಹರದ ಹೊಳೆ

ಸ್ಪಂಜ್ ಪಕ್ಷ ಜೋರಾಯಿತು, ಬ್ರಷ್ ಪರವಾಗಿ ನಾನೊಬ್ಬಳಾದರೂ ಮಾತಾಡುತ್ತೇನೆ.

ನಿಮ್ಮದು ಎಣ್ಣೆ ಚರ್ಮ ಮತ್ತು ಮ್ಯಾಟ್ ಫೌಂಡೇಶನ್. ಮ್ಯಾಟ್ ಫೌಂಡೇಶನ್‌ಗಳು ಬೇಗ ಒಣಗುತ್ತವೆ, ಅದರಲ್ಲೂ ನಮ್ಮ ಒಣ ಗಾಳಿಗೆ ಇನ್ನೂ ಬೇಗ. ಸ್ಪಂಜಲ್ಲಿ ನಿಧಾನಕ್ಕೆ ತಟ್ಟುತ್ತಾ ಕೂತರೆ ಹಣೆಗೆ ಹೋಗುವ ಹೊತ್ತಿಗೆ ಕೆನ್ನೆಯದು ಆಗಲೇ ಕೂತುಬಿಟ್ಟಿರುತ್ತದೆ, ಆಮೇಲೆ ಬೆರೆಸಲು ಹೋದರೆ ಕಿತ್ತು ಬರುತ್ತದೆ. ದಟ್ಟ ಬ್ರಷ್ಷಲ್ಲಿ ಒಂದು ನಿಮಿಷದಲ್ಲಿ ಮುಖ ಮುಗಿಯುತ್ತದೆ. ಕಡಿಮೆ ಫೌಂಡೇಶನ್ ಸಾಕು, ಕಲೆ ಜಾಸ್ತಿ ಮುಚ್ಚುತ್ತದೆ, ಬಾಟಲಿ ಜಾಸ್ತಿ ದಿನ ಬರುತ್ತದೆ.

ಕೊಳ್ಳುವಾಗ ಸಿಂಥೆಟಿಕ್ ಕೂದಲಿನದೇ ತಗೊಳ್ಳಿ. ಆಡು, ಅಳಿಲು ಮುಂತಾದ ಪ್ರಾಣಿ ಕೂದಲಿನ ಬ್ರಷ್ ಪೌಡರ್‌ಗೆ ಒಳ್ಳೆಯದು, ಲಿಕ್ವಿಡ್ ಆದರೆ ಕೂದಲೇ ಹೀರಿಕೊಳ್ಳುತ್ತದೆ, ತೊಳೆಯುವುದೂ ಕಷ್ಟ. ಅಂಗಡಿಯಲ್ಲೇ ಮುಂಗೈ ಮೇಲೆ ಒತ್ತಿ ನೋಡಿ. ಚುಚ್ಚಬಾರದು. ಒತ್ತಿದಾಗ ಕೂದಲು ಹೂವಿನ ಹಾಗೆ ಪೂರ್ತಿ ಅರಳಿ ಬಿಟ್ಟರೆ ಅದು ದಟ್ಟ ಇಲ್ಲ ಅಂತ. ಬೆರಳಲ್ಲಿ ಎರಡು ಸಲ ಎಳೆದು ನೋಡಿ, ಆಗಲೇ ಕೂದಲು ಉದುರಿದರೆ ಅಲ್ಲೇ ವಾಪಸ್ ಇಡಿ. ನಾನು ತಗೊಂಡದ್ದು 280 ರೂಪಾಯಿಗೆ, ನಾಲ್ಕನೇ ವರ್ಷ ನಡೆಯುತ್ತಿದೆ. ಸ್ಪಂಜನ್ನು ಮೂರು ತಿಂಗಳಿಗೊಮ್ಮೆ ಬದಲಾಯಿಸಬೇಕು. ಲೆಕ್ಕ ನೀವೇ ಹಾಕಿ.

ಎರಡು ಮಕ್ಕಳ ತಾಯಿ

ಸಿಲಿಕೋನ್‌ದು ಒಂದು ಬರುತ್ತಲ್ಲ, ಪಾರದರ್ಶಕವಾಗಿ ಚಪ್ಪಟೆ ಇರೋದು? ಅದು ಫೌಂಡೇಶನ್ ಒಂದು ಹನಿಯೂ ಕುಡಿಯಲ್ಲ, ತೊಳೆಯೋದೂ ಸುಲಭ ಅಂತ ನಾದಿನಿ ಹೇಳುತ್ತಿದ್ದಳು.

ದುರ್ಗದ ಮೇಕಪ್ ಅಕ್ಕ

ಕುಡಿಯಲ್ಲ, ನಿಜ. ಆದರೆ ಬೆರೆಸುವುದೂ ಇಲ್ಲ. ಜಾಸ್ತಿ ಇರುವುದನ್ನು ಹೀರುವ ಗುಣವೇ ಅದಕ್ಕಿಲ್ಲ, ಹಾಗಾಗಿ ಫೌಂಡೇಶನ್ ಅತ್ತ ಇತ್ತ ಸರಿಯುತ್ತದೆ ಅಷ್ಟೇ. ನಾನು ತಂದು ನಾಲ್ಕು ಸಲ ಪ್ರಯತ್ನ ಮಾಡಿ ಒಳಗಿಟ್ಟೆ.

ಹರಿಹರದವರ ಮಾತಿಗೆ ಬರುತ್ತೇನೆ. ಎಣ್ಣೆ ಚರ್ಮಕ್ಕೆ, ಮ್ಯಾಟ್ ಫೌಂಡೇಶನ್‌ಗೆ ದಟ್ಟ ಬ್ರಷ್ ಒಳ್ಳೆಯದು, ಒಪ್ಪಿದೆ. ಒಂದು ವಿಷಯ ಮಾತ್ರ ಸೇರಿಸುತ್ತೇನೆ. ಮುಖದ ಮೇಲಿನ ಸಣ್ಣ ನವಿರು ಕೂದಲು ಕೆಳಮುಖವಾಗಿ ಬೆಳೆದಿರುತ್ತದೆ. ಬ್ರಷ್ಷನ್ನು ಮೇಲಕ್ಕೆ ಎಳೆದರೆ ಅದೆಲ್ಲ ಎದ್ದು ನಿಂತು ಫೌಂಡೇಶನ್ ಹಿಡಿದುಕೊಳ್ಳುತ್ತದೆ, ಬಿಸಿಲಲ್ಲಿ ಪಕ್ಕದಿಂದ ನೋಡಿದರೆ ಕೆನ್ನೆ ಮೇಲೆ ಹಿಟ್ಟು ಉದುರಿದ ಹಾಗೆ ಕಾಣುತ್ತದೆ. ಸಣ್ಣ ಸುತ್ತು ಸುತ್ತಿ ಬೆರೆಸಿ, ಕೊನೆಗೆ ಒಂದೆರಡು ಸಲ ಕೆಳಮುಖವಾಗಿ ಹಗುರವಾಗಿ ಎಳೆದು ಮುಗಿಸಬೇಕು. ಒಂದೊಂದು ಭಾಗವಾಗಿ ಮಾಡು. ಮುಖದ ತುಂಬಾ ಚುಕ್ಕೆ ಇಟ್ಟುಕೊಂಡು ಕೂರಬೇಡ, ಎಡ ಕೆನ್ನೆ ಮುಗಿಸಿ ಬಲ ಕೆನ್ನೆ, ಆಮೇಲೆ ಹಣೆ. ಆಗ ಒಣಗುವ ಭಯ ಇಲ್ಲ.

ತಂಗಿ, ನಿನಗೆ ಒಂದು ಕೆಲಸ ಕೊಡುತ್ತೇನೆ. ಭಾನುವಾರ ಮುಖದ ಎಡಕ್ಕೆ ದಟ್ಟ ಬ್ರಷ್, ಬಲಕ್ಕೆ ಒದ್ದೆ ಸ್ಪಂಜ್. ಅದೇ ಫೌಂಡೇಶನ್, ಎರಡೂ ಕಡೆ ಅರ್ಧರ್ಧ ಪಂಪ್. ಹನ್ನೊಂದು ಗಂಟೆಗೆ ಹಚ್ಚಿ ಮನೆ ಕೆಲಸ ಮಾಡು, ಅಡುಗೆ ಮನೆಯಲ್ಲಿ ಒಲೆ ಮುಂದೆ ನಿಲ್ಲು, ಒಂದು ಸುತ್ತು ಹೊರಗೆ ಹೋಗಿ ಬಾ. ಮೂರು ಗಂಟೆಗೆ ಕಿಟಕಿ ಬೆಳಕಲ್ಲಿ ನೋಡು. ಟ್ಯೂಬ್‌ಲೈಟಲ್ಲಿ ನೋಡಬೇಡ, ಅದರಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತದೆ. ನೋಡಿ ಬಂದು ಇಲ್ಲಿ ಬರೆ.

ಚಳ್ಳಕೆರೆ ಸೊಸೆ

ಮಧ್ಯೆ ಬಂದೆ, ಕ್ಷಮಿಸಿ. ನನ್ನ ಸಮಸ್ಯೆ ಬೇರೆ. ಬ್ರಷ್ ಚೆನ್ನಾಗಿಯೇ ಇತ್ತು, ನಾಲ್ಕೈದು ಸಲ ತೊಳೆದ ಮೇಲೆ ಪೊರಕೆ ಕಡ್ಡಿ ಹಾಗೆ ಬಿರುಸಾಗಿದೆ. ಮುಖಕ್ಕೆ ಚುಚ್ಚುತ್ತದೆ. ಬ್ರಷ್ ಕಳಪೆಯಾ?

ಹದಡಿ ರಸ್ತೆ

ಬೋರ್ ನೀರಲ್ಲಿ ಸೋಪು ಹಾಕಿ ತೊಳೆಯುತ್ತೀರಾ?

ಚಳ್ಳಕೆರೆ ಸೊಸೆ

ಹೌದು, ಬಟ್ಟೆ ಸೋಪು. ನಮ್ಮಲ್ಲಿ ಬೋರ್ ನೀರೇ. ಬಕೆಟ್ ಒಳಗೆಲ್ಲ ಬಿಳಿ ಪದರ ಕಟ್ಟುತ್ತದೆ.

ಹದಡಿ ರಸ್ತೆ

ಹಾಗಾದರೆ ಬ್ರಷ್ಷಿನ ತಪ್ಪಿಲ್ಲ. ಬೋರ್ ನೀರಿನಲ್ಲಿ ಸುಣ್ಣದ ಅಂಶ, ಮೆಗ್ನೀಸಿಯಂ ಜಾಸ್ತಿ ಇದ್ದರೆ ಸೋಪು ನೊರೆ ಬರುವುದಿಲ್ಲ, ಅದರ ಬದಲು ಅಂಟಂಟಾದ ಕಸ ಆಗಿ ಕೂದಲಿಗೆ ಅಂಟುತ್ತದೆ. ಒಣಗಿದರೆ ಬಿರುಸು. ಬಕೆಟ್ಟಿನ ಬಿಳಿ ಪದರ, ನಿಮ್ಮ ಬ್ರಷ್ಷಿನ ಬಿರುಸು, ಎರಡೂ ಆ ನೀರಿಂದಲೇ. ಸೋಪಿನ ಬದಲು ಮಕ್ಕಳ ಶಾಂಪೂ ಬಳಸಿ, ಗಡುಸು ನೀರಲ್ಲೂ ಶಾಂಪೂ ಅಷ್ಟು ಕಸ ಕಟ್ಟುವುದಿಲ್ಲ. ಕೊನೆಯ ಸಲ ಜಾಲಿಸಲು ಒಂದು ಲೋಟ ಕುಡಿಯುವ ಫಿಲ್ಟರ್ ನೀರು. ಒಂದು ಲೋಟ ಸಾಕು.

ಅಂಗೈಯಲ್ಲಿ ಶಾಂಪೂ ಹಾಕಿ ಬ್ರಷ್ಷಿನ ತುದಿಯನ್ನು ಸುತ್ತಿಸಿ. ಕೂದಲು ಹಿಡಿಗೆ ಸೇರುವ ಲೋಹದ ಪಟ್ಟಿ ಇದೆಯಲ್ಲ, ಅಲ್ಲಿಗೆ ನೀರು ಹೋಗದಿರಲಿ, ಒಳಗಿನ ಅಂಟು ಬಿಟ್ಟು ಕೂದಲು ಉದುರುತ್ತದೆ. ಹಾಗಾಗಿಯೇ ಒದ್ದೆ ಬ್ರಷ್ಷನ್ನು ಲೋಟದಲ್ಲಿ ತಲೆ ಮೇಲೆ ಮಾಡಿ ನಿಲ್ಲಿಸಬಾರದು, ಮೇಜಿನ ಅಂಚಿನಲ್ಲಿ ತಲೆ ಹೊರಗೆ ಬರುವ ಹಾಗೆ ಅಡ್ಡ ಮಲಗಿಸಿ. ಅಮೆರಿಕದ ಚರ್ಮ ವೈದ್ಯರ ಸಂಘ 7ರಿಂದ 10 ದಿನಕ್ಕೊಮ್ಮೆ ಬ್ರಷ್ ತೊಳೆಯಿರಿ ಅನ್ನುತ್ತದೆ. ಸ್ಪಂಜ್ ಆದರೆ ಪ್ರತಿ ಸಲ ಬಳಸಿದ ಮೇಲೂ.

ಚಳ್ಳಕೆರೆ ಸೊಸೆ

ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ಇವತ್ತೇ ಮಾಡುತ್ತೇನೆ.

ಬೆಣ್ಣೆನಗರಿ ಹುಡುಗಿ

ಭಾನುವಾರದ ಪರೀಕ್ಷೆ ಮುಗಿಯಿತು, ಬರೆಯುತ್ತಿದ್ದೇನೆ.

ಅಶೋಕ ರಸ್ತೆ ಕಡೆ ಹೋಗಿ ದಟ್ಟ ಬ್ರಷ್ ತಂದೆ, 250 ರೂಪಾಯಿ. ಮೂರು ಬ್ರಷ್ ಒತ್ತಿ ನೋಡಿದೆ, ಎರಡು ಚುಚ್ಚುತ್ತಿತ್ತು. ಸನ್‌ಸ್ಕ್ರೀನ್ ಹಚ್ಚಿ ಹತ್ತು ನಿಮಿಷ ಕಾದೆ. ಎಡಕ್ಕೆ ಬ್ರಷ್, ಬಲಕ್ಕೆ ಒದ್ದೆ ಸ್ಪಂಜ್, ಅರ್ಧರ್ಧ ಪಂಪ್. ಹಚ್ಚಿದ ತಕ್ಷಣ ಎರಡೂ ಕಡೆ ಚೆನ್ನಾಗಿತ್ತು, ಗೆರೆಯೂ ಇಲ್ಲ, ತೇಪೆಯೂ ಇಲ್ಲ. ಬರೀ ಒದ್ದೆ ಮಾಡಿದ್ದಕ್ಕೆ, ಪಂಪ್ ಕಡಿಮೆ ಮಾಡಿದ್ದಕ್ಕೆ ಇಷ್ಟು ವ್ಯತ್ಯಾಸ ಆಗುತ್ತದೆ ಅಂತ ನಿಜವಾಗಿ ಅಂದುಕೊಂಡಿರಲಿಲ್ಲ. ಎಡಗಡೆ ಕಲೆ ಚೆನ್ನಾಗಿ ಮುಚ್ಚಿತ್ತು. ಬಲಗಡೆ ಹಳೆಯ ಮೊಡವೆ ಕಲೆ ಸ್ವಲ್ಪ ಕಾಣುತ್ತಿತ್ತು, ಆದರೆ ಚರ್ಮ ಚರ್ಮದ ಹಾಗೇ ಇತ್ತು.

ಮಧ್ಯಾಹ್ನ ಅಮ್ಮನ ಜೊತೆ ಒಲೆ ಮುಂದೆ ನಿಂತು ಮೆಣಸಿನಕಾಯಿ ಬೋಂಡಾ ಕರಿದೆ, ಗಾಜಿನ ಮನೆ ತನಕ ಗಾಡಿಯಲ್ಲಿ ಹೋಗಿ ಬಂದೆ. ಮೂರು ಗಂಟೆಗೆ ಕಿಟಕಿ ಹತ್ತಿರ ನೋಡಿದರೆ ಎಡಗೆನ್ನೆ ಗಟ್ಟಿಯಾಗಿ ಕೂತಿದೆ, ಆದರೆ ಮೂಗಿನ ಎಡಪಕ್ಕ ಒಡೆದಿದೆ. ಬಲಗೆನ್ನೆ ಸ್ವಲ್ಪ ಕರಗಿದೆ, ಮೂಗಿನ ಬಲಪಕ್ಕ ಮಾತ್ರ ಹಾಗೇ ಇದೆ. ಅಂದರೆ ಕೆನ್ನೆಗೆ ಬ್ರಷ್ ಗೆದ್ದಿತು, ಮೂಗಿಗೆ ಸ್ಪಂಜ್. ಈಗ ಏನು ಮಾಡಲಿ?

ದುರ್ಗದ ಮೇಕಪ್ ಅಕ್ಕ

ನೀನೇ ಉತ್ತರ ಬರೆದಿದ್ದೀಯ. ಎರಡನ್ನೂ ಬಳಸು. ಬ್ರಷ್ಷಲ್ಲಿ ಹಚ್ಚಿ ಬೆರೆಸು, ಆಮೇಲೆ ಏನೂ ಹಾಕದ ಒದ್ದೆ ಸ್ಪಂಜಿಂದ ಮುಖ ಪೂರ್ತಿ ಒಂದು ಸಲ ಒತ್ತು. ಜಾಸ್ತಿ ಇದ್ದದ್ದನ್ನು ಸ್ಪಂಜ್ ಎತ್ತಿಕೊಳ್ಳುತ್ತದೆ, ಉಳಿದದ್ದು ಚರ್ಮಕ್ಕೆ ಒತ್ತಿಕೊಳ್ಳುತ್ತದೆ. ನಾನು ಮದುಮಕ್ಕಳಿಗೆ ಮಾಡುವುದೂ ಹೀಗೇ. ಮೂಗಿನ ಪಕ್ಕ ಬ್ರಷ್ ತರಲೇಬೇಡ, ಅಲ್ಲಿ ಎಣ್ಣೆ ಜಾಸ್ತಿ ಬರುತ್ತದೆ, ಪದರ ದಪ್ಪ ಇದ್ದಷ್ಟೂ ಬೇಗ ಒಡೆಯುತ್ತದೆ. ಸ್ಪಂಜಿನ ಚೂಪು ತುದಿಯಲ್ಲಿ ಉಳಿದದ್ದನ್ನೇ ಅಲ್ಲಿ ಒತ್ತು. ಆಮೇಲೆ ಅಲ್ಲಿ ಮಾತ್ರ ಚಿಟಿಕೆ ಪೌಡರ್.

ಅಮ್ಮನಿಗೆ ಬೇರೆ ದಾರಿ. ಒಣ ಚರ್ಮಕ್ಕೆ ದಟ್ಟ ಬ್ರಷ್ ತಿಕ್ಕಿದರೆ ಹೊಟ್ಟು ಏಳುತ್ತದೆ. ಮೊದಲು ಮಾಯಿಶ್ಚರೈಸರ್ ಹಚ್ಚಿ ಕಾಲು ಗಂಟೆ ಬಿಡು. ನಿನ್ನ ಮ್ಯಾಟ್ ಫೌಂಡೇಶನ್ ಅಮ್ಮನಿಗೆ ಹಾಗೇ ಹಚ್ಚಬೇಡ, ತಟ್ಟೆಯಲ್ಲಿ ಅದೇ ಮಾಯಿಶ್ಚರೈಸರ್ ಒಂದು ಹನಿ ಸೇರಿಸಿಕೋ, ಮೊದಲೇ ಒಮ್ಮೆ ಮಾಡಿ ನೋಡು, ಎರಡೂ ಬೆರೆಯದೆ ಒಡೆದರೆ ಬಿಟ್ಟುಬಿಡು. ಬೆರಳಲ್ಲಿ ಹಚ್ಚಿ, ಒದ್ದೆ ಸ್ಪಂಜಲ್ಲಿ ಒತ್ತಿ ಮುಗಿಸು. ಎರಡು ಮಕ್ಕಳ ತಾಯಿ ಹೇಳಿದ ಬೆರಳಿನ ಬಿಸಿ ಅಮ್ಮನ ಚರ್ಮಕ್ಕೆ ನಿಜವಾಗಿಯೂ ಒಳ್ಳೆಯದು. ಕಣ್ಣಿನ ಕೆಳಗೆ ಎಷ್ಟು ಕಡಿಮೆಯೋ ಅಷ್ಟು ಚೆಂದ. ಅಲ್ಲಿ ಮುಚ್ಚಲು ಹೋದಷ್ಟೂ ಗೆರೆಯೊಳಗೆ ಕೂತು ಎದ್ದು ಕಾಣುತ್ತದೆ.

ಅರಿಶಿನ ಶಾಸ್ತ್ರ ಯಾವಾಗ?

ಬೆಣ್ಣೆನಗರಿ ಹುಡುಗಿ

ಹಿಂದಿನ ದಿನ ಬೆಳಗ್ಗೆ. ಯಾಕಕ್ಕಾ?

ದುರ್ಗದ ಮೇಕಪ್ ಅಕ್ಕ

ಎಲ್ಲರೂ ಎಲ್ಲರಿಗೂ ಹಚ್ಚುತ್ತಾರೆ ನೋಡು. ಮಾರನೇ ದಿನ ಮುಖ ಹಳದಿ, ಕತ್ತು ಇನ್ನೂ ಹಳದಿ. ಆಗ ಫೌಂಡೇಶನ್ ಶೇಡ್ ಬೇರೆ ಕಾಣುತ್ತದೆ, ಹುಡುಗಿಯರು ಗಾಬರಿಯಾಗಿ ಜಾಸ್ತಿ ಹಚ್ಚುತ್ತಾರೆ. ಹಾಗೆ ಮಾಡಬೇಡ. ಸ್ಪಂಜಿನಲ್ಲಿ ಉಳಿದದ್ದನ್ನು ದವಡೆಯಿಂದ ಕತ್ತಿಗೆ, ಕಿವಿಯ ಕೆಳಗೆ ಇಳಿಸಿ ಬೆರೆಸು. ಕಿವಿ ಮರೆಯಬೇಡ, ಜುಮುಕಿ ಹಾಕಿದಾಗ ಫೋಟೋದಲ್ಲಿ ಕಿವಿಯೇ ಮೊದಲು ಕಾಣುತ್ತದೆ.

ಬಣ್ಣದ ಪೆಟ್ಟಿಗೆ

ಬೆವರಿನ ಬಗ್ಗೆ ಯಾರೂ ಹೇಳಲಿಲ್ಲ. ಏಪ್ರಿಲ್ ಕೊನೆ ಅಂದರೆ ದಾವಣಗೆರೆಯಲ್ಲಿ 38, 39 ಡಿಗ್ರಿ. ಬೆವರು ಬಂದಾಗ ಕರ್ಚೀಫಲ್ಲಿ ಒರೆಸಬೇಡಿ. ಟಿಶ್ಯೂ ಪೇಪರ್ ಒತ್ತಿ ಎತ್ತಿ, ಎಳೆಯಬೇಡಿ. ಒತ್ತಿ ಎತ್ತಿದ ಮೇಲೂ ಎಲ್ಲಾದರೂ ಒಡೆದಿದ್ದರೆ ಅಲ್ಲಿ ಹೊಸದಾಗಿ ಫೌಂಡೇಶನ್ ಹಾಕುವ ಮುಂಚೆ ಖಾಲಿ ಒದ್ದೆ ಸ್ಪಂಜಲ್ಲಿ ತಟ್ಟಿ ನೋಡಿ. ಇದ್ದದ್ದೇ ಹರಡಿಕೊಂಡು ಸರಿ ಹೋಗುತ್ತದೆ. ನಾಟಕದಲ್ಲಿ ಅಂಕದ ಮಧ್ಯೆ ನಮಗೆ ಸಿಗುವ ಎರಡು ನಿಮಿಷದಲ್ಲಿ ಮಾಡುವುದು ಇಷ್ಟೇ.

ಬೆಣ್ಣೆನಗರಿ ಹುಡುಗಿ

ಮದುವೆ ಮುಗಿಯಿತು! ನಿನ್ನೆ ತಾನೇ ಅಕ್ಕನನ್ನು ಕಳಿಸಿ ಬಂದೆವು. ಕಣ್ಣು ಇನ್ನೂ ಊದಿಕೊಂಡಿದೆ, ಆದರೂ ನಿಮಗೆಲ್ಲ ಹೇಳದೆ ಇರಲಾಗಲಿಲ್ಲ.

ಖರ್ಚು ಒಟ್ಟು 610 ರೂಪಾಯಿ. ದಟ್ಟ ಬ್ರಷ್ 250, ಸ್ಪಂಜ್ ಒಂದೊಂದು 120ರ ಹಾಗೆ ಮೂರು, ಮೂವರಿಗೂ ಬೇರೆ ಬೇರೆ. ಹಳೇ ಚಪ್ಪಟೆ ಬ್ರಷ್ ಕನ್ಸೀಲರ್‌ಗೆ ಬಂತು. ಬೆಳಗ್ಗೆ ಐದೂವರೆಗೆ ಶುರು ಮಾಡಿದೆ. ಅಮ್ಮನಿಗೆ ಮೊದಲು, ಬೆರಳು ಮತ್ತು ಸ್ಪಂಜ್. ಅಮ್ಮ ಕನ್ನಡಿ ನೋಡಿ ಏನೂ ಹಚ್ಚಿಲ್ಲವಲ್ಲೇ ಅಂದರು, ಅದೇ ನನಗೆ ದೊಡ್ಡ ಖುಷಿ. ತಂಗಿಗೆ ಬರೀ ಸ್ಪಂಜ್, ಎರಡು ಕಡೆ ಕನ್ಸೀಲರ್ ಚುಕ್ಕೆ. ನನಗೆ ಬ್ರಷ್, ಆಮೇಲೆ ಸ್ಪಂಜ್. ಛತ್ರದ ನಲ್ಲಿಯಲ್ಲಿ ಆ ಹೊತ್ತಿಗೆ ನೀರು ಬರುತ್ತಿರಲಿಲ್ಲ, ಕುಡಿಯುವ ನೀರಿನ ಬಾಟಲಿಯಲ್ಲೇ ಸ್ಪಂಜ್ ಒದ್ದೆ ಮಾಡಿದೆ.

ಅಕ್ಷತೆ ಹೊತ್ತಿಗೆ ಮೂವರದೂ ಚೆನ್ನಾಗಿತ್ತು. ಊಟ ಬಡಿಸಲು ನಿಂತಾಗ ನನ್ನ ಮೇಲ್ದುಟಿಯ ಮೇಲೆ ಬೆವರಿಗೆ ಒಡೆಯಿತು, ಪೆಟ್ಟಿಗೆ ಅಣ್ಣ ಹೇಳಿದ ಹಾಗೆ ಟಿಶ್ಯೂ ಒತ್ತಿ, ಖಾಲಿ ಸ್ಪಂಜ್ ತಟ್ಟಿದೆ, ಸರಿ ಹೋಯಿತು. ಅಕ್ಕನನ್ನು ಕಳಿಸುವಾಗ ಅತ್ತು ಅತ್ತು ಎಲ್ಲರದೂ ಹೋಯಿತು. ಅದಕ್ಕೆ ಯಾವ ಬ್ರಷ್ ತಾನೇ ತಡೆಯುತ್ತೆ ಹೇಳಿ.

ದುರ್ಗದ ಮೇಕಪ್ ಅಕ್ಕ

ತುಂಬಾ ಸಂತೋಷ ಆಯಿತು ತಂಗಿ. ಅಕ್ಕ ಭಾವ ಚೆನ್ನಾಗಿರಲಿ. ಮೂರೂ ಸ್ಪಂಜ್ ತೊಳೆದೆಯಾ?

ಬೆಣ್ಣೆನಗರಿ ಹುಡುಗಿ

ತೊಳೆದೆ ಅಕ್ಕಾ. ಒಂದು ಮಾತ್ರ ತಂಗಿಯ ಬ್ಯಾಗಿನಲ್ಲೇ ಪ್ಲಾಸ್ಟಿಕ್ ಕವರಲ್ಲಿ ಒದ್ದೆ ಉಳಿದುಹೋಗಿತ್ತು, ಮೂರು ದಿನ ಆದ ಮೇಲೆ ತೆಗೆದರೆ ವಾಸನೆ, ಒಳಗೆ ಕಪ್ಪು ಚುಕ್ಕೆ. ತೊಳೆದರೆ ಹೋಗುತ್ತಾ?

ಹದಡಿ ರಸ್ತೆ

ಅದು ಬೂಷ್ಟು. ಒಳಗೆ ತನಕ ಇಳಿದಿರುತ್ತದೆ, ತೊಳೆದರೆ ಹೋಗುವುದಿಲ್ಲ. ಬಿಸಾಡಿ, ಮುಖಕ್ಕೆ ತಾಗಿಸಬೇಡಿ. ಉಳಿದ ಎರಡನ್ನು ಗಾಳಿ ಆಡುವ ಕಡೆ ಇಡಿ, ಡಬ್ಬಿಯೊಳಗೆ ಮುಚ್ಚಿಡಬೇಡಿ, ಜೂನ್‌ನಲ್ಲಿ ಮಳೆ ಹಿಡಿದ ಮೇಲಂತೂ ಕಿಟಕಿ ಹತ್ತಿರವೇ ಇರಲಿ.

ಬೆಣ್ಣೆನಗರಿ ಹುಡುಗಿ

ಬಿಸಾಡಿದೆ. ತಂಗಿಗೆ ಹೊಸದು ತರಲು ನಾಳೆ ಹೋಗುತ್ತಿದ್ದೇನೆ.